ಹತ್ತು ಫೋಟೊಗಳ ಒಂದು ಪುಟ್ಟ ಸರಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡಿ ಫೋಟೊ ಚೆನ್ನಾಗಿ ತೆಗೆಯಲು ಕಲಿತವರು ಮುಂದೆ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಇವನ್ನೆಲ್ಲ ಸೇರಿಸಿ ಏನಾದರೂ ಮಾಡಬಹುದಾ? ಖಂಡಿತ ಮಾಡಬಹುದು. ಆದರೆ ಇರುವುದನ್ನು ಸೇರಿಸುವುದಕ್ಕಿಂತ, ಸರಣಿ ಮಾಡಬೇಕು ಅಂತಲೇ ಹೊರಟು ತೆಗೆಯುವುದು ಒಳ್ಳೆಯದು. ಮಾತು ಗಾಳಿಯಲ್ಲಿ ತೇಲಬಾರದು ಅಂತ ಉದಾಹರಣೆಗೆ ಒಂದೇ ವಿಷಯ ಹಿಡಿದಿದ್ದೇನೆ: ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆ. ನಿಮ್ಮ ವಿಷಯ ಬೇರೆ ಇದ್ದರೂ ಕೆಲಸದ ರೀತಿ ಇದೇ.

ಸರಣಿ ಅಂದರೆ ಆಲ್ಬಂ ತಾನೇ?

ಅಲ್ಲ. ಆಲ್ಬಂನಲ್ಲಿ ನಡೆದದ್ದೆಲ್ಲ ಇರುತ್ತದೆ. ಮದುವೆ ಆಲ್ಬಂನಿಂದ ನಾಲ್ಕು ಫೋಟೊ ತೆಗೆದುಹಾಕಿದರೂ ಮದುವೆಗೆ ಏನೂ ಕೊರತೆಯಾಗುವುದಿಲ್ಲ. ಸರಣಿಯಲ್ಲಿ ಪ್ರತಿ ಫೋಟೊ ಪಕ್ಕದ ಫೋಟೊಗೆ ಏನನ್ನಾದರೂ ಕೊಡುತ್ತಿರಬೇಕು. ಮೊಗ್ಗು ಕಟ್ಟುವ ಕೈಗಳ ಫೋಟೊ ಒಂದೇ ಇದ್ದರೆ ಅದು ಬರೀ ಕೈಗಳ ಫೋಟೊ. ಅದರ ಹಿಂದೆ ನಸುಕಿನ ತೋಟ ಬಂದರೆ, ಆ ಕೈಗಳು ಯಾವಾಗಿನಿಂದ ದುಡಿಯುತ್ತಿವೆ ಎಂದು ಗೊತ್ತಾಗುತ್ತದೆ. ಮುಂದೆ ಮಂಗಳೂರಿನ ಹೂವಿನ ಅಂಗಡಿ ಬಂದರೆ, ಬೆರಳುಗಳಿಗೆ ಅಷ್ಟು ಅವಸರ ಯಾಕೆ ಎಂದು ತಿಳಿಯುತ್ತದೆ. ಒಂದನ್ನು ತೆಗೆದಾಗ ಉಳಿದವು ಸ್ವಲ್ಪ ಬಡವಾಗಬೇಕು. ಹಾಗೆ ಆಗದಿದ್ದರೆ ಆ ಫೋಟೊ ಅಲ್ಲಿ ಬೇಕಿರಲಿಲ್ಲ.

ಎಷ್ಟು ಫೋಟೊ ಇರಬೇಕು?

ಮೊದಲ ಸರಣಿಗೆ ಎಂಟರಿಂದ ಹನ್ನೆರಡು. ಐದಕ್ಕಿಂತ ಕಡಿಮೆಯಾದರೆ ಉಸಿರಾಡಲು ಜಾಗವಿಲ್ಲ. ಹದಿನೈದು ದಾಟಿದರೆ ಒಂದೇ ಮಾತನ್ನು ಎರಡು ಸಲ ಹೇಳಲು ಶುರು ಮಾಡುತ್ತೇವೆ.

ವಿಷಯ ಆರಿಸುವುದು ಹೇಗೆ? ನಮ್ಮೂರಲ್ಲಿ ವಿಶೇಷ ಏನೂ ಇಲ್ಲ.

ವಿಶೇಷ ಬೇಡ. ಮತ್ತೆ ಮತ್ತೆ ಹೋಗಲು ಆಗುವ ಜಾಗ ಬೇಕು. ಹಂಪಿಗೆ ವರ್ಷಕ್ಕೊಮ್ಮೆ ಹೋಗುವವರಿಗಿಂತ ಮನೆ ಹಿಂದಿನ ಗಿರಣಿಗೆ ವಾರ ವಾರ ಹೋಗುವವರ ಸರಣಿ ಚೆನ್ನಾಗಿರುತ್ತದೆ. ಮೊದಲ ಸಲ ಹೋದಾಗ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ನಾಲ್ಕನೇ ಸಲ ಯಾರೂ ತಲೆ ಎತ್ತುವುದಿಲ್ಲ, ನಿಜವಾದ ಕೆಲಸ ಆಗಿನಿಂದ ಶುರು.

ಎರಡನೆಯದು, ವಿಷಯವನ್ನು ಚಿಕ್ಕದು ಮಾಡಿ. ‘ಕರಾವಳಿಯ ಬದುಕು’ ಅಂತ ಹೊರಟರೆ ದಾರಿ ತಪ್ಪುತ್ತದೆ. ‘ಮಲ್ಲಿಗೆ’ ಅಂದರೂ ದೊಡ್ಡದೇ. ‘ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಯೊಳಗೆ ಯಾರ ಮುಡಿ ಸೇರುತ್ತದೆ?’ ಅಂತ ಕೇಳಿಕೊಂಡರೆ ಕೂಡಲೇ ಕೆಲಸ ಸಿಗುತ್ತದೆ. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ, ಯಾರನ್ನು ಕೇಳಬೇಕು, ಎಲ್ಲವೂ ಆ ಪ್ರಶ್ನೆಯಲ್ಲೇ ಇದೆ. ಹೊರಡುವ ಮೊದಲು ಇಂಥ ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದಿಡಿ. ಆಮೇಲೆ ಫೋಟೊ ಆರಿಸುವಾಗ ಅದೇ ನಿಮ್ಮ ಅಳತೆಗೋಲು.

ಮಲ್ಲಿಗೆ ಸರಣಿಯಲ್ಲಿ ಏನೇನು ಬರಬಹುದು?

ಮೊದಲು ಆ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಿ. ಕರ್ನಾಟಕದಲ್ಲಿ ಜಿಐ (ಆ ಊರಿನದೇ ವಿಶೇಷ ಎಂದು ಗುರುತಿಸುವ ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಮಲ್ಲಿಗೆ ಮೂರು: ಮೈಸೂರು, ಹಡಗಲಿ, ಉಡುಪಿ. ಉಡುಪಿ ಮಲ್ಲಿಗೆಯನ್ನೇ ಜನ ಶಂಕರಪುರ ಮಲ್ಲಿಗೆ ಅನ್ನುವುದು. ಇದು ದೊಡ್ಡ ತೋಟದ ಬೆಳೆಯಲ್ಲ, ಹೆಚ್ಚಾಗಿ ಮನೆಯಂಗಳದ ಬೆಳೆ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ಯುತ್ತಾರೆ. ಅರಳಿದ ಹೂವಿಗೆ ಬೆಲೆಯಿಲ್ಲ, ಅದಕ್ಕೇ ಅವಸರ. ಮನೆಯ ಹೆಂಗಸರು ಜಗಲಿಯಲ್ಲಿ ಕುಳಿತು ಬಾಳೆ ನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮೊಗ್ಗು, ಒಂದೊಂದೂ ಕೈಯಲ್ಲಿ ಕೊಯ್ದು ಕೈಯಲ್ಲಿ ಕಟ್ಟಿದ್ದು. ಕಟ್ಟಿದ ಹೂ ಬಾಳೆ ಎಲೆಯಲ್ಲಿ ಸುತ್ತಿ ಏಜೆಂಟರ ಕೈ ಸೇರುತ್ತದೆ. ಅಟ್ಟೆಯ ದರ ದಿನದಿನಕ್ಕೂ ಬದಲಾಗುತ್ತದೆ. ಅಲ್ಲಿಂದ ಉಡುಪಿ, ಮಂಗಳೂರು, ಮುಂಬೈ.

ಇಷ್ಟು ತಿಳಿದರೆ ಫೋಟೊಗಳು ತಾವಾಗಿ ಕಾಣತೊಡಗುತ್ತವೆ. ನಸುಕಿನಲ್ಲಿ ಗಿಡದ ನಡುವೆ ಬಗ್ಗಿದ ಬೆನ್ನು. ಬೆರಳಿನ ನಡುವೆ ಒಂದೇ ಒಂದು ಮೊಗ್ಗು. ನೀರಲ್ಲಿ ನೆನೆಸಿಟ್ಟ ಬಾಳೆ ನಾರು. ಜಗಲಿಯಲ್ಲಿ ಮೂರು ತಲೆಮಾರು ಒಟ್ಟಿಗೆ ಕುಳಿತಿದ್ದರೆ ಅದು. ಗೋಡೆ ಗಡಿಯಾರ, ಯಾಕೆಂದರೆ ಈ ಕೆಲಸವನ್ನು ಆಳುವುದು ಅದೇ. ದರ ಬರೆದ ಚೀಟಿ ಅಥವಾ ದರ ಕೇಳಿಸಿಕೊಳ್ಳುತ್ತಿರುವ ಮುಖ. ಬಾಳೆ ಎಲೆಯ ಕಟ್ಟುಗಳು, ಬಸ್ಸಿನ ಸೀಟಿನ ಮೇಲೋ ಸ್ಕೂಟರಿನ ಮುಂದೋ. ಪೇಟೆಯ ಅಂಗಡಿ. ದೇವಸ್ಥಾನದ ಮೆಟ್ಟಿಲಲ್ಲಿ ಹಿಂದಿನಿಂದ ಕಂಡ ಒಂದು ಜಡೆ. ಮತ್ತೆ ಖಾಲಿಯಾದ ಗಿಡ, ನಾಳೆಯ ಮೊಗ್ಗು ಇನ್ನೂ ಹಸಿರಾಗಿಯೇ ಇರುವಾಗ.

ಇದು ಪಟ್ಟಿ ಅಷ್ಟೇ, ಅಪ್ಪಣೆಯಲ್ಲ. ಪಟ್ಟಿಯಲ್ಲಿಲ್ಲದ್ದು ಕಣ್ಣೆದುರು ಬಂದರೆ ಅದನ್ನೇ ತೆಗೆಯಿರಿ. ಮಳೆಗಾಲದಲ್ಲಿ ಹೋದರೆ ಹೂ ಕಡಿಮೆ ಇರುತ್ತದೆ. ಆಗ ನಿಮ್ಮ ಪ್ರಶ್ನೆಯೂ ಬದಲಾಗಬಹುದು: ಹೂವಿಲ್ಲದ ದಿನ ಆ ಜಗಲಿಯಲ್ಲಿ ಏನು ನಡೆಯುತ್ತದೆ? ನನಗೆ ಕೇಳಿದರೆ, ಮೊದಲಿನದಕ್ಕಿಂತ ಅದೇ ಒಳ್ಳೆಯ ಸರಣಿ ಆಗಬಹುದು.

ಎಲ್ಲ ಸರಣಿಯೂ ಹೀಗೆ ಕಥೆಯಂತೆ ಸಾಗಬೇಕಾ?

ಬೇಕಿಲ್ಲ. ಒಂದೇ ಬಗೆಯ ವಸ್ತುಗಳನ್ನು ಒಂದೇ ರೀತಿಯಲ್ಲಿ ತೆಗೆದು ಪಕ್ಕಪಕ್ಕ ಇಡುವುದೂ ಸರಣಿಯೇ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಶರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಟ್ಯಾಂಕು, ಕಬ್ಬಿಣದ ಕುಲುಮೆಗಳಂಥ ಕೈಗಾರಿಕಾ ಕಟ್ಟಡಗಳನ್ನು ಹೀಗೇ ತೆಗೆದರು. ಕಪ್ಪು ಬಿಳುಪು, ಮೋಡದ ದಿನದ ಬೆಳಕು, ನೇರ ಎದುರಿನ ನೋಟ. ಒಂದೇ ಟ್ಯಾಂಕ್ ನೋಡಿದರೆ ಏನೂ ಅನ್ನಿಸದು. ಸಾಲಾಗಿ ನೋಡಿದಾಗ ಒಂದರಂತೆ ಇನ್ನೊಂದು ಇಲ್ಲ ಎಂದು ಕಣ್ಣಿಗೆ ಹೊಡೆಯುತ್ತದೆ. ನಮ್ಮಲ್ಲಿ ಇದೇ ರೀತಿ ತುಳಸಿ ಕಟ್ಟೆ ತೆಗೆಯಬಹುದು, ಹಳ್ಳಿಗಳ ಓವರ್‌ಹೆಡ್ ಟ್ಯಾಂಕ್ ತೆಗೆಯಬಹುದು, ಬಸ್ ತಂಗುದಾಣ ತೆಗೆಯಬಹುದು.

ಕಾಲವನ್ನು ಹಿಡಿಯುವ ಸರಣಿ ಇನ್ನೊಂದು. ಅಮೆರಿಕದ ನಿಕೋಲಸ್ ನಿಕ್ಸನ್ 1975ರಿಂದ 2022ರವರೆಗೆ ವರ್ಷಕ್ಕೊಂದರಂತೆ ನಾಲ್ವರು ಸೋದರಿಯರ ಫೋಟೊ ಮಾಡಿದರು. ಪ್ರತಿ ಸಲವೂ ಅವರು ನಿಂತದ್ದು ಅದೇ ಕ್ರಮದಲ್ಲಿ. ಒಂದು ಜಾಗದ ಸ್ವಭಾವವನ್ನು ಹಿಡಿಯುವುದು ಮತ್ತೊಂದು ಬಗೆ. ನಮ್ಮ ದೇಶದವರೇ ಆದ ಛಾಯಾಗ್ರಾಹಕ ಟಿ.ಎಸ್. ನಾಗರಾಜನ್ ದೇಶದ ಉದ್ದಗಲಕ್ಕೂ ಹಳೆಯ ಮನೆಗಳ ಒಳಭಾಗವನ್ನು ತೆಗೆದ ಕೆಲಸ ನೋಡಿ. ಕಿಟಕಿ ಬಾಗಿಲಿಂದ ಬರುವ ಬೆಳಕನ್ನೇ ನಂಬಿ ತೆಗೆದ ಆ ಫೋಟೊಗಳನ್ನು ಇಂದಿಗೂ ಕಲಿಯುವವರು ನೋಡಲೇಬೇಕು.

ಮೊಬೈಲ್ ಸಾಕಾ?

ಸಾಕು. ಆದರೆ ಜೂಮ್ ಬೇಡ, ಹತ್ತಿರ ಹೋಗಿ. ಇಡೀ ಸರಣಿಯನ್ನು ಮುಖ್ಯ ಲೆನ್ಸ್ ಒಂದರಲ್ಲೇ ಮುಗಿಸಿದರೆ ಎಲ್ಲದರ ನೋಟವೂ ಒಂದೇ ಬಗೆಯಾಗಿರುತ್ತದೆ. ಅಲ್ಟ್ರಾವೈಡ್‌ನಲ್ಲಿ ಅಂಚಿನ ಮುಖಗಳು ಎಳೆದಂತಾಗುತ್ತವೆ, ಜನರಿರುವ ಫ್ರೇಮ್‌ಗೆ ಅದು ಒಳ್ಳೆಯದಲ್ಲ. ಪೋರ್ಟ್ರೇಟ್ ಮೋಡ್ ಮತ್ತು ಬ್ಯೂಟಿ ಫಿಲ್ಟರ್ ಎರಡನ್ನೂ ಆಫ್ ಮಾಡಿ. ಮೋಡ್ ತಪ್ಪು ಊಹಿಸಿದರೆ ಬಾಳೆ ನಾರಿನ ತುದಿಯೇ ಮಸುಕಾಗಿಬಿಡುತ್ತದೆ. ಕ್ಯಾಮೆರಾ ಇದ್ದರೆ 35 ಅಥವಾ 50 ಎಂಎಂ ಲೆನ್ಸ್ ಒಂದೇ ಹಾಕಿಕೊಂಡು ಹೋಗಿ. ರಾ ಫೈಲ್ (ಕ್ಯಾಮೆರಾ ಹಿಡಿದ ಮಾಹಿತಿ ಕುಗ್ಗದೆ ಉಳಿಯುವ ಫೈಲ್) ಸಿಗುವುದಾದರೆ ರಾ ಮತ್ತು ಜೆಪೆಗ್ ಎರಡೂ ಇಟ್ಟುಕೊಳ್ಳಿ.

ಬಿಳಿ ಹೂ ಒಮ್ಮೆ ಬೂದಿ ಬಣ್ಣಕ್ಕೆ ಬರುತ್ತದೆ, ಒಮ್ಮೆ ಸುಟ್ಟುಹೋದ ಹಾಗೆ ಬರುತ್ತದೆ. ಯಾಕೆ?

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್, ಮುಂದೆ ಏನೇ ಇದ್ದರೂ ಅದನ್ನು ನಡುಮಧ್ಯದ ಬೂದು ಹೊಳಪಿಗೆ ತರಲು ನೋಡುತ್ತದೆ. ಫ್ರೇಮ್ ತುಂಬಾ ಕಟ್ಟಿದ ಮಲ್ಲಿಗೆ ಇದ್ದರೆ ‘ಬೆಳಕು ಜಾಸ್ತಿಯಾಯಿತು’ ಅಂದುಕೊಂಡು ಕತ್ತಲು ಮಾಡುತ್ತದೆ. ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಅನ್ನು +0.7ರಿಂದ +1.3ರವರೆಗೆ ಏರಿಸಿ. ಗಿಡದಲ್ಲಿ ಮಾತ್ರ ಇದಕ್ಕೆ ತಿರುವುಮುರುವು. ಕಡು ಹಸಿರು ಎಲೆಗಳ ನಡುವೆ ನಾಲ್ಕು ಮೊಗ್ಗು ಇದ್ದಾಗ ಕ್ಯಾಮೆರಾ ಎಲೆಗಳನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಮೊಗ್ಗು ಸುಟ್ಟು ಬಿಳಿ ಚುಕ್ಕೆಯಾಗುತ್ತದೆ. ಆಗ -0.7 ಅಥವಾ -1ಕ್ಕೆ ಇಳಿಸಿ. ಮೊಬೈಲ್‌ನಲ್ಲಾದರೆ ಮೊಗ್ಗಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆದರೆ ಆಯಿತು.

ಸುಟ್ಟ ಬಿಳಿಯಲ್ಲಿ ದಳದ ಗೆರೆಗಳು ಮತ್ತೆ ಬರುವುದಿಲ್ಲ, ಎಡಿಟಿಂಗ್‌ನಲ್ಲೂ ಬರುವುದಿಲ್ಲ. ಸ್ವಲ್ಪ ಕತ್ತಲಾದದ್ದನ್ನು ಬೆಳಗಿಸಬಹುದು. ಆದ್ದರಿಂದ ಅನುಮಾನವಿದ್ದರೆ ಕತ್ತಲ ಕಡೆಗೇ ಇರಲಿ.

ಅಂಗಡಿಯೊಳಗೆ ತೆಗೆದ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬರುತ್ತವೆ.

ಅದು ದೀಪದ ಮಿನುಗು. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆಟ್ಟಿಂಗ್‌ಗಳನ್ನು ನಾವೇ ಇಡಬಹುದಾದ ಪ್ರೊ ಮೋಡ್‌ಗೆ ಹೋಗಿ ಶಟರ್ ಸ್ಪೀಡನ್ನು 1/100 ಅಥವಾ 1/50 ಸೆಕೆಂಡಿಗೆ ಇಡಿ, ಪಟ್ಟಿ ಹೋಗುತ್ತದೆ.

ನೋಡಿದ ಕೂಡಲೇ ಒಂದೇ ಸರಣಿ ಅನ್ನಿಸಲು ಯಾವುದು ಸಮಾನವಾಗಿರಬೇಕು?

ಮೂರು ಸಾಕು: ಫ್ರೇಮಿನ ಅನುಪಾತ, ಬಣ್ಣದ ಧಾಟಿ, ನೀವು ನಿಲ್ಲುವ ದೂರ. ಅನುಪಾತ ಅಂದರೆ ಎಲ್ಲವೂ 3:2 ಅಥವಾ ಎಲ್ಲವೂ 4:3. ಅಡ್ಡ ಫೋಟೊಗಳ ನಡುವೆ ಒಂದೆರಡು ಉದ್ದದವು ಬಂದರೆ ತೊಂದರೆಯಿಲ್ಲ, ಒಂದು ಚೌಕ ಇನ್ನೊಂದು ಪನೋರಮಾ ಆದರೆ ಕಣ್ಣು ಎಡವುತ್ತದೆ.

ಬಣ್ಣದ ಧಾಟಿ ಮಲ್ಲಿಗೆಯಲ್ಲಿ ಬಹಳ ಮುಖ್ಯ. ನೀಲಿ ಟಾರ್ಪಾಲಿನ ಕೆಳಗೆ ಹೂ ನೀಲಿಯಾಗುತ್ತದೆ, ಅಡಿಕೆ ಮರದ ನೆರಳಲ್ಲಿ ಹಸಿರಾಗುತ್ತದೆ, ಬಲ್ಬಿನ ಕೆಳಗೆ ಹಳದಿ. ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ತಾನೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಪ್ರತಿ ಫ್ರೇಮ್‌ಗೂ ಮನಸ್ಸು ಬದಲಾಯಿಸುತ್ತದೆ. ಒಂದು ಜಾಗದಲ್ಲಿ ಒಂದೇ ಸೆಟ್ಟಿಂಗ್ ಇಟ್ಟುಕೊಂಡರೆ ಆಮೇಲೆ ಎಲ್ಲವನ್ನೂ ಒಟ್ಟಿಗೆ ಸರಿ ಮಾಡಬಹುದು. ನಸುಕಿನ ನೀಲಿಯನ್ನು ಮಾತ್ರ ಪೂರ್ತಿ ಅಳಿಸಬೇಡಿ, ಬೆಳಿಗ್ಗೆ ಎಷ್ಟು ಬೇಗ ಎಂದು ಹೇಳುವುದು ಆ ನೀಲಿಯೇ.

ಇನ್ನು ದೂರ. ಒಬ್ಬರ ಪಕ್ಕದಲ್ಲೇ ಕುಳಿತು ತೆಗೆದ ಫೋಟೊಗೂ ಗೇಟಿನ ಹೊರಗಿನಿಂದ ತೆಗೆದ ಫೋಟೊಗೂ ಇರುವ ವ್ಯತ್ಯಾಸ ಯಾವ ಎಡಿಟಿಂಗ್‌ನಲ್ಲೂ ಮುಚ್ಚುವುದಿಲ್ಲ. ಅಗಲದ ನೋಟವೂ ಬೇಕು, ಹತ್ತಿರದ್ದೂ ಬೇಕು. ಆದರೆ ಎರಡರಲ್ಲೂ ನೀವು ಅಲ್ಲಿಯವರ ಜೊತೆ ಇದ್ದಿರಿ ಅನ್ನುವುದು ಕಾಣಬೇಕು.

ಜನರನ್ನು ಹೇಗೆ ಕೇಳುವುದು? ನನಗೆ ತುಂಬಾ ಸಂಕೋಚ.

ಕ್ಯಾಮೆರಾ ಚೀಲದಲ್ಲಿಟ್ಟು ಹೋಗಿ. ಮೊದಲು ಹೂವಿನ ಬಗ್ಗೆ ಕೇಳಿ. ‘ಅಕ್ಕಾ, ಈ ಸಲ ಹೂ ಹೇಗೆ ಬಂತು?’ ಅಂದರೆ ಮಾತು ತಾನಾಗಿ ಸಾಗುತ್ತದೆ. ತುಳು ಬಂದರೆ ತುಳುವಿನಲ್ಲೇ ಮಾತಾಡಿ, ಆ ಕಡೆ ಅದರ ಬೆಲೆಯೇ ಬೇರೆ. ಆಮೇಲೆ ನೇರವಾಗಿ ಹೇಳಿ: ‘ಹೂ ಇಲ್ಲಿಂದ ಪೇಟೆಗೆ ಹೋಗುವವರೆಗಿನ ಕೆಲಸವನ್ನೆಲ್ಲ ಫೋಟೊ ತೆಗೀಬೇಕು ಅಂತಿದ್ದೇನೆ. ನೀವು ಕೆಲಸ ಮಾಡುವಾಗ ಬದಿಯಲ್ಲಿ ನಿಂತು ತೆಗೆಯಬಹುದಾ? ನಿಮಗೆ ಬೇಡ ಅನ್ನಿಸಿದರೆ ತೆಗೆಯುವುದಿಲ್ಲ.’ ಫೋಟೊ ಎಲ್ಲಿ ಹಾಕುತ್ತೀರಿ ಎಂದೂ ಹೇಳಿ. ಬೇಡ ಅಂದರೆ ಬೇಡ, ಕಾರಣ ಕೇಳಬಾರದು. ಮಕ್ಕಳ ಫೋಟೊಗೆ ಮನೆಯ ದೊಡ್ಡವರ ಒಪ್ಪಿಗೆ ಬೇಕೇ ಬೇಕು. ಕೊಯ್ಲಿನ ಹೊತ್ತು ಅವರಿಗೆ ದುಡಿಮೆಯ ಹೊತ್ತು. ನಿಮ್ಮಿಂದಾಗಿ ಏಜೆಂಟರ ಗಾಡಿ ತಪ್ಪಿಹೋಗುವಂತೆ ಆಗಬಾರದು.

ಆಮೇಲೆ ಒಂದು ಪ್ರಿಂಟ್ ಕೊಟ್ಟು ಬನ್ನಿ. ಸರಣಿಗೆ ಆಯ್ಕೆಯಾದ ಕೈಗಳ ಫೋಟೊ ಅಲ್ಲ, ಅವರು ಮುಖ ಎತ್ತಿ ಚೆನ್ನಾಗಿ ಕಾಣುವ ಫೋಟೊ. ಅದಕ್ಕಾಗಿ ಅಲ್ಲೇ ಒಂದು ಬೇರೆಯಾಗಿ ತೆಗೆದಿಟ್ಟುಕೊಳ್ಳಿ.

‘ಹೀಗೆ ಕುಳಿತುಕೊಳ್ಳಿ, ಆ ಕಡೆ ನೋಡಿ’ ಅಂತ ಹೇಳಿ ಮಾಡಿಸಬಹುದಾ?

ನಿಮ್ಮ ಸರಣಿ ಇರುವುದನ್ನು ಇದ್ದ ಹಾಗೆ ತೋರಿಸುತ್ತೇನೆ ಅನ್ನುತ್ತಿದ್ದರೆ ಮಾಡಿಸಬೇಡಿ. ಕೂತು ತೆಗೆಸಿಕೊಂಡ ಭಾವಚಿತ್ರವಾದರೆ ಸರಿ, ಅದು ನೋಡುವವರಿಗೂ ಗೊತ್ತಾಗುತ್ತದೆ. ಕಟ್ಟಿ ಮುಗಿದ ಹೂವನ್ನು ಬಿಚ್ಚಿಸಿ ಮತ್ತೆ ಕಟ್ಟಿಸುವುದು ಮಾತ್ರ ತಪ್ಪು. ಬೆಳಕಿನ ಕಡೆಗೆ ಬರಬೇಕಾದದ್ದು ನೀವು, ಅವರಲ್ಲ.

ಮುನ್ನೂರು ಫೋಟೊ ಇವೆ. ಹತ್ತಕ್ಕೆ ಇಳಿಸುವುದು ಹೇಗೆ?

ಸರಣಿ ನಿಜವಾಗಿ ಹುಟ್ಟುವುದು ಇಲ್ಲೇ. ತೆಗೆದ ದಿನವೇ ಆರಿಸಬೇಡಿ. ಅವತ್ತಿನ ಸೆಕೆ, ಆಡಿದ ಮಾತು, ಕೊಟ್ಟ ಚಹಾ ಎಲ್ಲ ನಿಮ್ಮ ತಲೆಯಲ್ಲಿರುತ್ತದೆ, ಫೋಟೊದಲ್ಲಿ ಇರುವುದಿಲ್ಲ. ಕೆಲವು ದಿನ ಬಿಟ್ಟು ನೋಡಿ.

ಮೊದಲ ಸುತ್ತಿನಲ್ಲಿ ಫೋಕಸ್ ತಪ್ಪಿದ್ದು, ಕಣ್ಣು ಮುಚ್ಚಿದ್ದು, ಒಂದೇ ಬಗೆಯವು ತೆಗೆದುಹಾಕಿ. ಎರಡನೇ ಸುತ್ತಿನಲ್ಲಿ ಮನಸ್ಸಿಗೆ ಹಿಡಿಸಿದವನ್ನು ಗುರುತು ಮಾಡಿ, ಮೂವತ್ತು ನಲವತ್ತು ಉಳಿಯಬಹುದು. ಅವನ್ನು ಚಿಕ್ಕದಾಗಿ, ಹತ್ತಿರದ ಸ್ಟುಡಿಯೊದಲ್ಲಿ 4×6 ಇಂಚಿಗೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಪರದೆಯ ಮೇಲೆ ಒಂದಾದ ಮೇಲೊಂದು ಕಾಣುತ್ತದೆ, ನೆಲದ ಮೇಲೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಯಾವುದು ಯಾವುದರ ಪಕ್ಕ ಕೂರುತ್ತದೆ ಎಂದು ಕಣ್ಣೇ ಹೇಳುತ್ತದೆ.

ಈಗ ಕಾಗದದಲ್ಲಿ ಬರೆದಿಟ್ಟ ಪ್ರಶ್ನೆ ತೆಗೆಯಿರಿ. ಪ್ರತಿ ಫೋಟೊವನ್ನೂ ಅದರ ಎದುರು ಇಡಿ. ದಾರಿಯಲ್ಲಿ ಸಿಕ್ಕ ಅದ್ಭುತವಾದ ಸೂರ್ಯೋದಯ ಇರಬಹುದು, ನಿಮ್ಮ ಬದುಕಿನಲ್ಲೇ ಅಂಥದ್ದು ತೆಗೆದಿರಲಿಕ್ಕಿಲ್ಲ. ಹೂವಿನ ಪ್ರಯಾಣಕ್ಕೆ ಅದು ಏನನ್ನೂ ಸೇರಿಸದಿದ್ದರೆ ಹೊರಗಿಡಿ. ಅದು ಬಿಡಿ ಫೋಟೊ ಆಗಿ ಬದುಕುತ್ತದೆ. ಇನ್ನೊಂದು ಕಡೆ, ದರದ ಚೀಟಿಯ ಫೋಟೊ ಒಂಟಿಯಾಗಿ ಸಪ್ಪೆ. ಆದರೆ ಅದಿಲ್ಲದೆ ಇಡೀ ಕೆಲಸದ ಹಿಂದೆ ಹಣ ಇದೆ, ಆತಂಕ ಇದೆ ಎಂದು ಗೊತ್ತಾಗುವುದೇ ಇಲ್ಲ. ಅದನ್ನು ಒಳಗೆ ಸೇರಿಸಿ. ಒಳ್ಳೆಯ ಫೋಟೊವನ್ನು ಬಿಟ್ಟು ಸಾಧಾರಣ ಫೋಟೊ ಇಟ್ಟುಕೊಳ್ಳುವ ಧೈರ್ಯ ಬಂದ ದಿನ ನಿಮಗೆ ಸರಣಿ ಮಾಡಲು ಬಂತು ಎಂದೇ ಅರ್ಥ.

ಕೊನೆಗೆ, ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ ಸುಮ್ನೆ ಕುಳಿತುಕೊಳ್ಳಿ. ವಿವರಣೆ ಕೊಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಬೇಗ ದಾಟುತ್ತಾರೆ, ಗಮನಿಸಿ.

ಕ್ರಮ ಹೇಗಿರಬೇಕು?

ಬೆಳಗಿನಿಂದ ಸಂಜೆಯವರೆಗೆ ಅನ್ನುವುದು ಸುಲಭದ ಕ್ರಮ, ಮಲ್ಲಿಗೆಗೆ ಸರಿಯಾಗಿ ಹೊಂದುತ್ತದೆ. ಆದರೂ ಒಂದು ಸಲ ಮುರಿದು ನೋಡಿ. ಪೇಟೆಯ ಜಡೆಯಿಂದ ಶುರು ಮಾಡಿ ತೋಟಕ್ಕೆ ಹಿಂದೆ ಹೋದರೆ, ನೋಡುವವರು ತಮಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ನಡೆಯುತ್ತಾರೆ. ಎರಡು ಮುಖ ಒಟ್ಟೊಟ್ಟಿಗೆ ಬೇಡ, ಎರಡು ಅಗಲದ ನೋಟವೂ ಬೇಡ. ಒಂದರ ಆಕಾರ ಮುಂದಿನದರಲ್ಲಿ ಮರುಕಳಿಸಿದರೆ ಚೆಂದ: ಬಗ್ಗಿದ ಬೆನ್ನಿನ ಪಕ್ಕ ದುಂಡನೆಯ ಚೆಂಡು.

ಎಡಿಟಿಂಗ್ ಎಷ್ಟು ಮಾಡಬಹುದು? ಎಐ ಬಳಸಬಹುದಾ?

ಬೆಳಕು, ಬಣ್ಣ, ಕ್ರಾಪ್, ಓರೆಯಾದದ್ದನ್ನು ನೇರ ಮಾಡುವುದು, ಇಷ್ಟು ಸಾಕು. ಒಂದು ಫೋಟೊವನ್ನು ಚೆನ್ನಾಗಿ ಎಡಿಟ್ ಮಾಡಿ, ಅದೇ ಸೆಟ್ಟಿಂಗ್ ಉಳಿದವಕ್ಕೆ ಕಾಪಿ ಮಾಡಿ, ಆಮೇಲೆ ಒಂದೊಂದನ್ನೂ ಸ್ವಲ್ಪ ಹೊಂದಿಸಿ. ಲೈಟ್‌ರೂಮ್‌ನಲ್ಲೂ ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲೂ ಇದು ಸುಲಭ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್ ಸಾಕು.

ಎಐನಿಂದ ವಸ್ತು ಸೇರಿಸುವುದು, ಅಳಿಸುವುದು ಬೇಡ. ಜಗಲಿಯ ಮೂಲೆಯ ಪ್ಲಾಸ್ಟಿಕ್ ಬಕೆಟ್ ನಿಮಗೆ ಅಂದಗೇಡಿ ಅನ್ನಿಸಬಹುದು. ಆ ಮನೆಯಲ್ಲಿ ಮೊಗ್ಗು ಬೀಳುವುದು ಅದರಲ್ಲೇ ಇರಬಹುದು! ಕಪ್ಪು ಬಿಳುಪು ಮಾಡುವುದಾದರೆ ಹತ್ತನ್ನೂ ಮಾಡಿ, ಬಣ್ಣ ಸರಿಬಾರದ ಮೂರನ್ನು ಮಾತ್ರ ಅಲ್ಲ.

ಅಡಿಬರಹ ಬೇಕಾ?

ಬೇಕು, ಚಿಕ್ಕದಾಗಿ. ಫೋಟೊದಲ್ಲಿ ಕಾಣುವುದನ್ನೇ ಮತ್ತೆ ಬರೆಯಬೇಡಿ. ‘ಹೂ ಕಟ್ಟುತ್ತಿರುವ ಮಹಿಳೆ’ ಅಂದರೆ ಏನು ಸಿಕ್ಕಿತು? ‘800 ಮೊಗ್ಗಿಗೆ ಒಂದು ಚೆಂಡು, ಎಣಿಸುವುದು ಬಾಯಲ್ಲೇ’ ಅಂದರೆ ನೋಡುವವರು ಮತ್ತೆ ಆ ತುಟಿಗಳ ಕಡೆ ನೋಡುತ್ತಾರೆ. ಅದು ನಿಜವಾಗಿ ಹಾಗೇ ನಡೆಯುತ್ತಿದ್ದರೆ ಮಾತ್ರ ಬರೆಯಿರಿ, ಅಲ್ಲೇ ಕೇಳಿ ನೋಟ್ ಮಾಡಿಕೊಳ್ಳಿ.

ಪ್ರಿಂಟ್ ಯಾವ ಅಳತೆಗೆ? ವಾಟ್ಸಾಪ್‌ನಲ್ಲಿ ಕಳಿಸಿದರೆ ಕೆಡುತ್ತದಲ್ಲ?

ಒಳ್ಳೆಯ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಾಕಿ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ 4000×3000 ಪಿಕ್ಸೆಲ್ ಇರುತ್ತದೆ, ಅಂದರೆ ಸುಮಾರು 13×10 ಇಂಚು ಆರಾಮಾಗಿ ಬರುತ್ತದೆ. ಒಂದು ಎಚ್ಚರ: ಮೊಬೈಲ್ ಫೋಟೊ 4:3, ಆದರೆ 4×6 ಕಾಗದ 3:2. ಪೂರ್ತಿ ಕಾಗದ ತುಂಬಿಸಿದರೆ ಒಂಬತ್ತನೇ ಒಂದು ಭಾಗ ಕತ್ತರಿಸಿಹೋಗುತ್ತದೆ. 6×8 ಕೇಳಿದರೆ ಏನೂ ಹೋಗುವುದಿಲ್ಲ. ಲ್ಯಾಬ್‌ಗೆ ಎಸ್‌ಆರ್‌ಜಿಬಿ (sRGB, ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡ) ಬಣ್ಣದಲ್ಲಿ ಜೆಪೆಗ್ ಕೊಡಿ.

ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಹಾಗೆ ಕಳಿಸಿದಾಗ ಫೋಟೊದೊಳಗಿನ ಲೊಕೇಶನ್ ಮಾಹಿತಿಯೂ ಜೊತೆಗೆ ಹೋಗುತ್ತದೆ. ಯಾರದೋ ಮನೆಯಂಗಳದಲ್ಲಿ ತೆಗೆದದ್ದಾದರೆ ಅದನ್ನು ಅಳಿಸಿಯೇ ಕಳಿಸಿ.

ಫೈಲ್‌ಗಳನ್ನು ಹೇಗೆ ಕಾಪಾಡುವುದು?

ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯ ಹೊರಗೆ ಅಥವಾ ಕ್ಲೌಡ್‌ನಲ್ಲಿ. ಫೋಲ್ಡರ್‌ಗೆ ದಿನಾಂಕ ಮತ್ತು ಊರಿನ ಹೆಸರಿಡಿ. ಆಯ್ಕೆಯಾಗದ್ದನ್ನೂ ಅಳಿಸಬೇಡಿ, ಎರಡು ವರ್ಷದ ನಂತರ ಪ್ರಶ್ನೆ ಬದಲಾದಾಗ ಅದೇ ಬೇಕಾಗುತ್ತದೆ.

ಸರಣಿಯ ಹಕ್ಕು ಯಾರದು?

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಫೋಟೊ ತೆಗೆದವರದು. ಎಲ್ಲೂ ನೋಂದಾಯಿಸಬೇಕಿಲ್ಲ. 2012ರ ತಿದ್ದುಪಡಿಯ ನಂತರ ಈ ಹಕ್ಕು ತೆಗೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕು ಅವರಿಗೆ ಹೋಗುತ್ತದೆ. ಹಾಗಾಗಿ ಕೆಲಸ ಒಪ್ಪುವ ಮೊದಲೇ ಬರೆದು ಮಾತಾಡಿಕೊಳ್ಳಿ. ಫೋಟೊದಲ್ಲಿರುವವರ ಮುಖವನ್ನು ಜಾಹೀರಾತಿಗೆ ಕೊಡುವ ಯೋಚನೆ ಇದ್ದರೆ ಅವರಿಂದ ಬೇರೆಯಾಗಿ ಲಿಖಿತ ಒಪ್ಪಿಗೆ ಪಡೆಯಿರಿ. ‘ಪ್ರದರ್ಶನಕ್ಕೆ’ ಅಂತ ಹೇಳಿ ತೆಗೆದದ್ದು ಪ್ರದರ್ಶನಕ್ಕೆ ಮಾತ್ರ.